ಮೊದಲು ಮೆಡಿಕಲ್, ಆಮೇಲೆ ರಾಜೀನಾಮೆ

ವಿದೇಶದ ವಿಮಾನ ಕಂಪನಿಗಳು ಪೈಲಟ್‌ಗಳಿಗೆ ಕೊಡುವ ಕರಾರುಪತ್ರವನ್ನು ನಾನು ಹಿಂದಿನ ಪುಟದಿಂದ ಓದುತ್ತಿದ್ದೆ. ಮುಂದಿನ ಪುಟಗಳಲ್ಲಿ ಏನು ಕೊಡುತ್ತಾರೆ ಎಂದಿರುತ್ತದೆ. ಹಿಂದಿನ ಪುಟಗಳಲ್ಲಿ ಯಾವಾಗ ಮನೆಗೆ ಕಳಿಸುತ್ತಾರೆ ಎಂದಿರುತ್ತದೆ. ಸಂಬಳದ ಅಂಕಿ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಉಳಿದದ್ದನ್ನು ಯಾರೂ ಸರಿಯಾಗಿ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ, ಅದಕ್ಕೇ ಹಿಂದಿನಿಂದ ಶುರುಮಾಡುವುದನ್ನು ರೂಢಿಸಿಕೊಂಡೆ.

ಈ ಕೆಲಸಕ್ಕೆ ಈಗ ಹೊಸದಾಗಿ ಬಂದಿರುವ ಒಂದಿಬ್ಬರು ಕೇಳಿದರು, ಬರೆದಿಡಿ ಎಂದು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ದಿನಚರಿ ನೆನಪಿಗಿಂತ ಹೆಚ್ಚು ಪ್ರಾಮಾಣಿಕ ಎಂಬ ನಂಬಿಕೆ ನನಗಿಲ್ಲ. ದಣಿದ ದಿನ ಅದರಲ್ಲಿ ಎರಡು ಸಾಲಿರುತ್ತದೆ. ಬಹಳ ಮುಖ್ಯವಾದದ್ದು ನಡೆದ ದಿನ ಕೆಲವೊಮ್ಮೆ ಏನೂ ಇರುವುದಿಲ್ಲ. ಆದ್ದರಿಂದ ಇಲ್ಲಿ ನಾನು ಹೇಳುವುದರಲ್ಲಿ ಎಲ್ಲೆಲ್ಲಿ ನನಗೇ ಅನುಮಾನವಿದೆಯೋ ಅಲ್ಲಲ್ಲಿ ಅನುಮಾನವೆಂದೇ ಹೇಳುತ್ತೇನೆ.

ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಓದಿದವಳು. ನಮ್ಮ ಯಜಮಾನರಿಗೆ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಆ ಕಾರಣದಿಂದ ಹೈದರಾಬಾದು. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಹತ್ತಿರದ ಗಲ್ಲಿಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದ ಎರಡು ಕೋಣೆಯ ಕಚೇರಿಯಿತ್ತು. ಅದನ್ನು ನಡೆಸುತ್ತಿದ್ದವರು ಮೊಯಿನ್ ಸಾಹೇಬರು. ವಿಮಾನ ಕಂಪನಿಯೊಂದರಲ್ಲಿ ಯಾವ ಪೈಲಟ್ ಯಾವ ದಿನ ಎಲ್ಲಿಗೆ ಹಾರಬೇಕೆಂದು ಸರದಿ ಹಾಕುತ್ತಿದ್ದು ನಿವೃತ್ತರಾದವರು. ಹಬ್ಬದ ದಿನ ಡ್ಯೂಟಿ ಹಾಕಿದವರೆಂದು ಪೈಲಟ್‌ಗಳಿಗೆ ಅವರ ಮೇಲೆ ಸಿಟ್ಟು. ಯಾರದೂ ಲಂಚ ಮುಟ್ಟದವರೆಂದು ವಿಶ್ವಾಸ. ಹೈಟೆಕ್ ಸಿಟಿಯ ಸುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಸಾಫ್ಟ್‌ವೇರ್ ಮಂದಿಯನ್ನು ಹೊತ್ತು ಹಾರಲು ಹೊಸ ಹೊಸ ವಿಮಾನಗಳು ಬರುತ್ತಿದ್ದವು. ಇಲ್ಲಿಯೂ ಪೈಲಟ್‌ಗಳು ಸಾಲುತ್ತಿರಲಿಲ್ಲ, ಕೊಲ್ಲಿ ದೇಶಗಳಲ್ಲಿಯೂ ಸಾಲುತ್ತಿರಲಿಲ್ಲ. ಅಲ್ಲಿಂದ ಕರೆ ಬಂದವರು ಕರಾರುಪತ್ರ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಅದನ್ನು ಓದಿ, ಅಲ್ಲಿ ಸಂಸಾರ ಹೂಡಿದರೆ ಎಷ್ಟು ಖರ್ಚಾದೀತೆಂದು ತೂಗಿ, ಹೋಗುವುದು ಲೇಸೋ ಇಲ್ಲೇ ಇರುವುದು ಲೇಸೋ ಎಂದು ಹೇಳುವುದು ನಮ್ಮ ಕೆಲಸ.

ಕೈಗೆ ಮೊದಲ ಕರಾರು ಕೊಡುತ್ತ ಸಾಹೇಬರು ಹೇಳಿದರು: "ತನಖಾ ತೋ ಸಬ್ ಕೂ ದಿಖತಾ, ಅಮ್ಮಾ. ತಕಲೀಫ್ ತುಮ್ ದೇಖೋ." ಸಂಬಳ ಎಲ್ಲರಿಗೂ ಕಾಣುತ್ತದೆ, ಕಷ್ಟವನ್ನು ನೀನು ನೋಡು. ನನಗೆ ಸಿಕ್ಕ ತರಬೇತಿ ಅಷ್ಟೇ.

ಮೊದಲ ವರ್ಷವೇ ಎಡವಿದೆ. ಕೊಲ್ಲಿಯ ಒಂದು ನಗರದ ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಹಿಡಿದಿದ್ದೆ. ಅಲ್ಲಿ ಮನೆ ಮಾಲೀಕರು ಇಡೀ ವರ್ಷದ ಬಾಡಿಗೆಯ ಚೆಕ್ಕುಗಳನ್ನು ಮೊದಲೇ ಇಸಿದುಕೊಳ್ಳುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಹೋದ ಹುಡುಗ ಹೆಂಡತಿಯನ್ನು ಕರೆಸಿಕೊಳ್ಳಲಾಗದೆ ತಿಂಗಳುಗಟ್ಟಲೆ ಹೋಟೆಲಿನಲ್ಲಿ ಉಳಿದ. ಸಾಹೇಬರು ಬಯ್ಯಲಿಲ್ಲ. "ಕ್ಯಾ ಅಮ್ಮಾ, ಕಾಲೇಜ್ ಮೇ ಕಿರಾಯಾ ನೈ ಪಢಾಯೇ ಕ್ಯಾ?" ಎಂದು ಕೇಳಿ ಚಹಾ ತರಿಸಿದರು. ಕಾಲೇಜಿನಲ್ಲಿ ಬಾಡಿಗೆಯ ಪಾಠ ಆಗಲಿಲ್ಲವೇ ಎಂದು ಮುಂದೆ ಅವರು ವರ್ಷಗಟ್ಟಲೆ ಚೇಷ್ಟೆ ಮಾಡಿದರು.

ಆಮೇಲೆ ನಾನೊಂದು ಪದ್ಧತಿ ಮಾಡಿಕೊಂಡೆ. ಪೈಲಟ್ ಒಬ್ಬನೇ ಬಂದರೆ ಲೆಕ್ಕ ಹಾಕುತ್ತಿರಲಿಲ್ಲ. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಬರಲು ಹೇಳುತ್ತಿದ್ದೆ. ಅವರನ್ನು ಎದುರಿಗೆ ಕೂರಿಸಿ, ಆ ಊರಿನಲ್ಲಿ ಇರುವ ನಮ್ಮವರಿಗೆ ಫೋನು ಹಚ್ಚಿ, ಒಂದು ವಾರದ ಸಂತೆಯನ್ನು ಬಾಯಲ್ಲೇ ಮಾಡಿಸುತ್ತಿದ್ದೆ. ತೊಗರಿ ಬೇಳೆ ಸಿಗುತ್ತದೆಯೇ, ಎಲ್ಲಿ ಸಿಗುತ್ತದೆ, ಕಾರಿಲ್ಲದೆ ಹೋಗಬಹುದೇ, ಮಗುವಿಗೆ ಜ್ವರ ಬಂದರೆ ಯಾರ ಮನೆ ಬಾಗಿಲು ತಟ್ಟಬೇಕು. ಹೀಗೆ ಅರ್ಧ ತಾಸು ಮಾತಾಡಿದರೆ ಹೋಗುವವರ ಮುಖದಲ್ಲೇ ಉತ್ತರ ಬಂದುಬಿಡುತ್ತಿತ್ತು. ಈಗ ಇದನ್ನೆಲ್ಲ ಕಂಪ್ಯೂಟರ್ ಹೇಳುತ್ತದೆ. ಎರಡು ಊರುಗಳ ಹೆಸರು ಒತ್ತಿದರೆ ಬೆಲೆಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಅದನ್ನು ಬಳಸಿ, ಬೇಡವೆನ್ನುವುದಿಲ್ಲ. ಆದರೆ ಫೋನನ್ನೂ ಹಚ್ಚಿ.

ಇನ್ನೊಂದು ನಿಯಮ ಸಾಹೇಬರದು. ಪೈಲಟ್ ಕೆಲಸ ಬಿಡಬೇಕಾದರೆ ಆರು ತಿಂಗಳು ಮೊದಲೇ ತಿಳಿಸಬೇಕೆಂಬ ಕಾನೂನು ಆಗಷ್ಟೇ ಬಂದಿತ್ತು. ಕರೆ ಬಂದ ಕೂಡಲೇ ಗಡಿಬಿಡಿಯಲ್ಲಿ ರಾಜೀನಾಮೆ ಬರೆದುಕೊಟ್ಟು, ಆಮೇಲೆ ಆ ದೇಶದ ವೈದ್ಯಕೀಯ ಪರೀಕ್ಷೆಗೆ ಹೋಗಿ, ಸಕ್ಕರೆ ಕಾಯಿಲೆಯೆಂದು ನಪಾಸಾಗಿ ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ಕೂತವರೊಬ್ಬರನ್ನು ನಾವು ಕಂಡಿದ್ದೆವು. ಅಂದಿನಿಂದ ಸಾಹೇಬರು ಬಂದವರಿಗೆಲ್ಲ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತಿದ್ದರು: ಮೊದಲು ಮೆಡಿಕಲ್, ಆಮೇಲೆ ರಾಜೀನಾಮೆ. ಈ ಮಾತಿನ ಮೇಲೆ ನನಗೆ ಸಂದೇಹ ಬಂದದ್ದು ಒಂದೇ ಪ್ರಕರಣದಲ್ಲಿ. ಆ ಸಂದೇಹ ಇನ್ನೂ ಹೋಗಿಲ್ಲ.

ಕ್ಯಾಪ್ಟನ್ ಶರಣು ಪಾಟೀಲರು ಕಲಬುರಗಿ ಕಡೆಯವರು. ಬಂದಾಗ ನಲವತ್ತೆಂಟರ ಆಸುಪಾಸು. ಕೊಲ್ಲಿಯ ಕಂಪನಿಯಿಂದ ದೊಡ್ಡ ವಿಮಾನ ಹಾರಿಸುವ ಕರೆ ಬಂದಿತ್ತು. ಇಲ್ಲಿ ಅವರು ಹಾರಿಸುತ್ತಿದ್ದುದು ಅದರ ಅರ್ಧದಷ್ಟಿನ ವಿಮಾನ. ದೊಡ್ಡ ವಿಮಾನವೆಂದರೆ ಅವರಿಗೆ ಸಂಬಳಕ್ಕಿಂತ ಹೆಚ್ಚಿನ ಆಸೆ. ಜೊತೆಯಲ್ಲಿ ಹೆಂಡತಿ ಮಹಾನಂದಾ ಬಂದಿದ್ದರು. ಮಗಳು ಕಾಲೇಜು ಮುಗಿಸುವುದರಲ್ಲಿದ್ದಳು. ಉಪ್ಪಲ್‌ನಲ್ಲಿ ಸ್ವಂತ ಫ್ಲ್ಯಾಟು.

ನಾನು ಎಂದಿನಂತೆ ಫೋನು ಹಚ್ಚಿ ಮಹಾನಂದಾರನ್ನು ಸಂತೆಗೆ ಕೂರಿಸಿದೆ.

"ಅಲ್ಲಿ ಜ್ವಾಳದ ಹಿಟ್ಟು ಸಿಗತದೇನ್ರಿ ಅಕ್ಕಾರ?"

"ಸಿಗತದಂತ. ವಾರಕ್ಕೊಮ್ಮೆ ಬರತದಂತ," ಎಂದೆ ಫೋನಿನಲ್ಲಿ ಕೇಳಿ.

"ಹಿಟ್ಟು ಸಿಕ್ಕರೇನಾತು. ರೊಟ್ಟಿ ಬಡದ್ರ ಕೆಳಗಿನ ಮನಿಯವರು ಪೊಲೀಸರನ್ನ ಕರೀತಾರಂತಲ್ಲ?"

"ಲಟ್ಟಸಬೇಕಪ್ಪ," ಎಂದರು ಕ್ಯಾಪ್ಟನ್.

"ನೀವು ವಿಮಾನ ತಳ್ಕೊಂಡು ಹೋಗ್ರಿ, ನಾನೂ ರೊಟ್ಟಿ ಲಟ್ಟಸ್ತೀನಿ."

ಒಳಗಿನ ಕೋಣೆಯಿಂದ ಸಾಹೇಬರು ನಕ್ಕದ್ದು ಕೇಳಿಸಿತು. ಪಕ್ಕದ ಫ್ಲ್ಯಾಟಿನ ಸಾಫ್ಟ್‌ವೇರ್ ಹುಡುಗರಿಗೆ ಈಗ ಪೈಲಟ್‌ನಷ್ಟೇ ಸಂಬಳವೆಂದು ಮಹಾನಂದಾ ಚುಚ್ಚಿದರು. ಕ್ಯಾಪ್ಟನ್ ಹೇಳಿದರು, "ಬರ್ಲಿ ಬಿಡು. ಅವರ ಕಂಪ್ಯೂಟರ್ ಕೆಟ್ರ ಬಂದ್ ಮಾಡಿ ಮತ್ತ ಚಾಲೂ ಮಾಡ್ತಾರ. ನಮ್ಮದು ಹಂಗಲ್ಲ." ಆ ದಿನದ ಈ ಮಾತುಗಳ ಬಗ್ಗೆ ನನಗೆ ಅನುಮಾನವಿಲ್ಲ. ಅಂದು ಸಂಜೆಯೇ ಬರೆದಿಟ್ಟಿದ್ದೇನೆ, ನಗು ಬಂದಿತ್ತು ಎಂಬ ಕಾರಣಕ್ಕೆ.

ಕರಾರು ಒಳ್ಳೆಯದಿತ್ತು. ಹಿಂದಿನಿಂದ ಓದಿದರೂ ಒಳ್ಳೆಯದಿತ್ತು. ಮನೆ ಕಂಪನಿಯದು, ಮಗಳಿಗೆ ವರ್ಷಕ್ಕೊಮ್ಮೆ ಟಿಕೆಟ್ಟು, ಮುಪ್ಪಿನವರೆಗೆ ಹಾರಿಸಲು ಅವಕಾಶ. ನಾನು ಹೋಗಿ ಎಂದೆ. ಸಾಹೇಬರು, "ಪಹಲೇ ಮೆಡಿಕಲ್, ಕ್ಯಾಪ್ಟನ್," ಎಂದರು.

"ಮೂರು ತಿಂಗಳ ಹಿಂದ ಇಲ್ಲೇ ಮೆಡಿಕಲ್ ಪಾಸಾಗೀನ್ರಿ ಸಾಹೇಬ್ರ," ಎಂದರು ಅವರು. ಆದರೂ ಒಪ್ಪಿದರು. ರಾಜೀನಾಮೆ ಕೊಡಲಿಲ್ಲ. ನಾಲ್ಕು ದಿನ ರಜೆ ಹಾಕಿ ಆ ದೇಶಕ್ಕೆ ಹೋಗಿಬಂದರು. ಮಹಾನಂದಾ ಆ ವಾರವೇ ಆಬಿಡ್ಸ್ ಪೇಟೆಗೆ ಹೋಗಿ ಎರಡು ದೊಡ್ಡ ಸೂಟ್‌ಕೇಸು ತಂದರೆಂದು ಫೋನಿನಲ್ಲಿ ಹೇಳಿದ್ದರು.

ಪೈಲಟ್‌ಗಳು ಡಾಕ್ಟರ ಹತ್ತಿರ ಹೋಗುವವರಲ್ಲ. ಇದು ಹೊಸಬರಿಗೆ ತಿಳಿದಿರಲಿ. ನಾವೆಲ್ಲ ಮೈಗೆ ಸರಿಯಿಲ್ಲದಾಗ ಆಸ್ಪತ್ರೆಗೆ ಹೋಗುತ್ತೇವೆ. ಅವರಿಗೆ ಆಸ್ಪತ್ರೆಯೆಂದರೆ ಲೈಸೆನ್ಸು ಕಳೆದುಕೊಳ್ಳಬಹುದಾದ ಜಾಗ. ನಿಯಮದಂತೆ ವರ್ಷದ ಪರೀಕ್ಷೆಗೆ ಹೋಗುತ್ತಾರೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾರೆ, ಹೊರಗೆ ಬಂದ ಮೇಲೆ ಉಸಿರು ಬಿಡುತ್ತಾರೆ. ಇಲ್ಲಿನ ಪರೀಕ್ಷೆಯಲ್ಲಿ ಹೃದಯದ ಸ್ಕ್ಯಾನ್ ಕ್ಯಾಪ್ಟನ್ ಶರಣು ಅವರಿಗೆ ಯಾರೂ ಮಾಡಿರಲಿಲ್ಲ. ಅಲ್ಲಿ ಮಾಡಿದರು. ಹೃದಯದ ಗೋಡೆ ಒಂದು ಕಡೆ ದಪ್ಪಗಾಗಿದೆ, ಹುಟ್ಟಿನಿಂದಲೇ ಬಂದದ್ದಿರಬಹುದು, ಇಂಥವರಲ್ಲಿ ಕೆಲವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ, ಕೆಲವರು ನಿಂತಲ್ಲೇ ಬೀಳುತ್ತಾರೆ ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದರು. ಕರಾರು ಅಲ್ಲಿಗೆ ಮುಗಿಯಿತು.

ಕ್ಯಾಪ್ಟನ್ ವಾಪಸು ಬಂದ ಮರುದಿನ ಮಧ್ಯಾಹ್ನ ಒಬ್ಬರೇ ಕಚೇರಿಗೆ ಬಂದರು. ಸಾಹೇಬರು ನಮಾಜಿಗೆ ಹೋಗಿದ್ದರು. ವರದಿಯನ್ನು ನನ್ನ ಮುಂದಿಟ್ಟರು. ನಾನು ಓದಿದೆ. ಅವರಿಗೆ ಕೆಲಸ ಉಳಿದಿತ್ತು. ನಮ್ಮ ನಿಯಮ ಪಾಲಿಸಿದ್ದರಿಂದಲೇ ಉಳಿದಿತ್ತು. ಆ ದೇಶದವರು ಇಲ್ಲಿಗೆ ಏನನ್ನೂ ತಿಳಿಸುವುದಿಲ್ಲ. ಇಲ್ಲಿನ ಸರ್ಟಿಫಿಕೇಟಿನ ಪ್ರಕಾರ ಅವರು ಸಂಪೂರ್ಣ ಆರೋಗ್ಯವಂತರು. ಹೃದಯದ ವಿಷಯ ಗೊತ್ತಿದ್ದದ್ದು ಅವರಿಗೆ, ಮಹಾನಂದಾಗೆ, ಈಗ ನನಗೆ. ತನಗೆ ಕಾಯಿಲೆಯಿದೆಯೆಂದು ಗೊತ್ತಾದ ಪೈಲಟ್ ತಾನಾಗಿಯೇ ತಿಳಿಸಬೇಕು, ಹಾರಿಸಬಾರದು ಎಂಬ ನಿಯಮವಿದೆ. ತಿಳಿಸಿದರೆ ಅವರು ಮತ್ತೆ ಎಂದೂ ಹಾರಿಸುವಂತಿಲ್ಲ.

"ಮಹಾನಂದಾ ಹೇಳಬ್ಯಾಡ್ರಿ ಅಂತಾಳ," ಎಂದರು. "ಇಷ್ಟು ದಿನ ಇದ್ದ ಹೃದಯಾನ ಐತಿ ಅದು, ನಿನ್ನೆ ಹೊಸದು ಹಾಕಿಲ್ಲಲ್ಲ ಅಂತಾಳ. ಅದೂ ಖರೇನ ಐತಿ."

ನಾನು ಇಬ್ಬರಿಗೂ ಚಹಾ ತರಿಸಿದೆ.

"ನಿಮ್ಮ ಯಜಮಾನ್ರು ತಿಂಗಳಿಗೊಮ್ಮೆ ದಿಲ್ಲಿಗೆ ಹೋಗ್ತಾರಲ್ರಿ," ಎಂದರು ಆಮೇಲೆ. "ನಾಡಿದ್ದು ಮುಂಜಾನೆ ದಿಲ್ಲಿ ಫ್ಲೈಟ್ ನಂದ ಐತಿ. ಅವರನ್ನ ಅದರಾಗ ಹತ್ತಸ್ತೀರೇನು?"

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. "ಯಾಕ ಹತ್ಸಂಗಿಲ್ರಿ, ಹತ್ತಸ್ತೀನಿ" ಎಂದು ಹೇಳಿದೆನೆಂದು ನನಗೆ ನೆನಪಿದೆ. ಸಮಾಧಾನಕ್ಕಾದರೂ ಹಾಗೆ ಹೇಳಿರಬೇಕು. ದಿನಚರಿಯಲ್ಲಿ ಆ ದಿನ ಇರುವುದು ಇಷ್ಟೇ: ಕ್ಯಾಪ್ಟನ್ ಶರಣು ಬಂದಿದ್ದರು, ಕರೆಂಟ್ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ತಮ್ಮ ಕಂಪನಿಗೆ ಹೋಗಿ ವರದಿ ಕೊಟ್ಟರು. ದಿಲ್ಲಿಯ ವಿಮಾನವನ್ನು ಬೇರೆಯವರು ಹಾರಿಸಿದರು. ಇಲ್ಲಿಯ ತಜ್ಞರೂ ಪರೀಕ್ಷಿಸಿ ಅದನ್ನೇ ಹೇಳಿದರು. ಕೆಲವೇ ತಿಂಗಳಲ್ಲಿ ಲೈಸೆನ್ಸು ಖಾಯಂ ಆಗಿ ಹೋಯಿತು.

ಹೊಟ್ಟೆಗೆ ಬಟ್ಟೆಗೆ ಕೊರತೆಯಾಗಲಿಲ್ಲ. ಅಂಥ ಹೊತ್ತಿಗೆಂದೇ ಇರುವ ವಿಮೆಯಿತ್ತು, ಪೈಲಟ್ ಆಗಬಯಸುವವರಿಗೆ ಪಾಠ ಹೇಳುವ ಕೆಲಸವೂ ಸಿಕ್ಕಿತು. ಮಹಾನಂದಾ ಒಮ್ಮೆ ಮಾತ್ರ ಫೋನು ಮಾಡಿದರು. ನಾನೇ ಅವರ ಗಂಡನಿಗೆ, ಕಂಪನಿಗೆ ವರದಿ ಕೊಡಿ ಎಂದು ಹೇಳಿದೆನೆಂದು ಅವರು ತಿಳಿದಿದ್ದರು. ನಾನು ಹಾಗೆ ಹೇಳಲಿಲ್ಲ ಎನ್ನಲು ಹೊರಟೆ. ಹೇಳಲಿಲ್ಲ ಎಂಬುದಕ್ಕೆ ನನ್ನಲ್ಲಿ ಪುರಾವೆ ಏನೂ ಇರಲಿಲ್ಲ. ಹೇಳಲಿಲ್ಲ ಎಂಬುದು ಹೆಮ್ಮೆಪಡುವ ಮಾತೂ ಆಗಿರಲಿಲ್ಲ.

"ನಿಮ್ಮ ಆಫೀಸಿನ ಮೆಟ್ಟಲ ಹತ್ತೂತನಕ ನನ್ನ ಗಂಡಗ ಏನೂ ಆಗಿರಲಿಲ್ರಿ," ಎಂದರು. ಫೋನಿಟ್ಟರು.

ಈ ಮಾತನ್ನು ನಾನು ಬಹಳ ವರ್ಷ ಹೊತ್ತು ತಿರುಗಿದೆ. ಸಾಹೇಬರಿಗೆ ಹೇಳಿದಾಗ ಅವರು "ಜಹಾಜ್ ಮೇ ಡೇಢ್ ಸೌ ಲೋಗಾಂ ರಹತೇ, ಅಮ್ಮಾ," ಎಂದರು. ವಿಮಾನದಲ್ಲಿ ನೂರೈವತ್ತು ಜನರಿರುತ್ತಾರೆ. ಅದು ನನಗೂ ಗೊತ್ತಿತ್ತು. ಆದರೆ ಆ ನೂರೈವತ್ತು ಮಂದಿಯ ಮುಖ ನಾನು ನೋಡಿರಲಿಲ್ಲ, ಇವರಿಬ್ಬರ ಮುಖ ನೋಡಿದ್ದೆ.

ಕಷ್ಟವೇನೆಂದರೆ, ಕ್ಯಾಪ್ಟನ್‌ಗೆ ಏನೂ ಆಗಲಿಲ್ಲ. ಹೀಗೆ ಬರೆಯಲು ಕೈ ಹಿಂಜರಿಯುತ್ತದೆ. ಒಂದು ದಿನ ತಲೆ ತಿರುಗಿ ಬಿದ್ದಿದ್ದರೆ, ದೇವರ ದಯೆಯಿಂದ ನೆಲದ ಮೇಲಿದ್ದರು ಎಂದು ಎಲ್ಲರೂ ಅನ್ನುತ್ತಿದ್ದೆವು. ಅವರು ಬೀಳಲಿಲ್ಲ. ವಿಮಾನ ನಿಲ್ದಾಣ ಬೇಗಂಪೇಟೆಯಿಂದ ಶಂಶಾಬಾದಿಗೆ ಹೋಯಿತು, ನಮ್ಮ ಗಲ್ಲಿ ಸದ್ದಿಲ್ಲದೆ ಬರಿದಾಯಿತು, ಸಾಹೇಬರು ತೀರಿಕೊಂಡರು, ನಾನು ಕಚೇರಿಯನ್ನು ಮನೆಯ ಹತ್ತಿರ ತಂದು ನಡೆಸಿ ಕೊನೆಗೆ ಮುಚ್ಚಿದೆ. ಆ ವರ್ಷಗಳಲ್ಲೆಲ್ಲ ಕ್ಯಾಪ್ಟನ್ ಉಪ್ಪಲ್‌ನಲ್ಲಿ ಪ್ರತಿ ಬೆಳಿಗ್ಗೆ ಕ್ರೀಡಾಂಗಣದ ಸುತ್ತ ನಡೆಯುತ್ತಿದ್ದರು. ಅವರೊಂದಿಗೆ ಕಲಿತವರು ದೊಡ್ಡ ವಿಮಾನಗಳನ್ನು ಹಾರಿಸಿದರು. ಕ್ಯಾಪ್ಟನ್ ಆರೋಗ್ಯವಾಗಿ ಕಳೆದ ಒಂದೊಂದು ವರ್ಷವೂ ಹಾರಿಸಬಹುದಾಗಿದ್ದ ಒಂದು ವರ್ಷವಾಗಿತ್ತು. ಯಾರಾದರೂ ಅವರು ಚೆನ್ನಾಗಿದ್ದಾರೆಂದು ಸುದ್ದಿ ತಂದರೆ ನನಗೆ ಸಂತೋಷವಾಗುತ್ತಿತ್ತು, ಆಮೇಲೆ ಆ ದಿನವೆಲ್ಲ ಮಂಕು ಕವಿಯುತ್ತಿತ್ತು.

ಮೊನ್ನೆ ಮೊನ್ನೆ ಅವರಿಗೆ ಅರವತ್ತೈದು ತುಂಬಿತು. ಅವರೇ ಫೋನು ಮಾಡಿ ಊಟಕ್ಕೆ ಕರೆದರು. ಪೈಲಟ್‌ಗೆ ಅರವತ್ತೈದೆಂದರೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪ್ರಯಾಣಿಕರ ವಿಮಾನ ಬಿಡಲೇಬೇಕಾದ ವಯಸ್ಸು. ನಾನು ಅದನ್ನು ಯೋಚಿಸಿರಲಿಲ್ಲ. ಬಾಗಿಲು ತೆರೆದವರೇ ಹೇಳಿದರು:

"ಬರ್ರಿ ಮೇಡಂ. ಇವತ್ತು ನಾ ರಿಟೈರ್ ಆದೆ."

ಮಹಾನಂದಾ ಅಡುಗೆಮನೆಯಿಂದ ಬಂದು ನೀರು ಕೊಟ್ಟರು. ಹದಿನೇಳು ವರ್ಷದ ಮೇಲೆ ಅವರ ಮುಖ ನೋಡಿದ್ದು. ಕೂದಲು ಬೆಳ್ಳಗಾಗಿತ್ತು. "ಆರಾಮ ಅದೀರೇನ್ರಿ ಅಕ್ಕಾರ," ಎಂದರು, ನಿನ್ನೆಯಷ್ಟೇ ಕಂಡವರಂತೆ.

ಊಟದ ನಡುವೆ ನಾನು ಕೇಳಿಯೇಬಿಟ್ಟೆ. ಆ ಮಧ್ಯಾಹ್ನ ನಾನು ಏನು ಹೇಳಿದೆ?

"ನೀವು ಮೊದಲ ಏನೂ ಹೇಳಲಿಲ್ರಿ," ಎಂದರು ಕ್ಯಾಪ್ಟನ್. "ನಾ ಕೇಳಿದೆ, ನೀವು ಚಹಾದ ಕಪ್ಪು ಆಚಿಗಿಟ್ರಿ, ಮತ್ತ ಈಚಿಗಿಟ್ರಿ. ಹತ್ತಸ್ತೀನಿ ಅಂದ್ರಿ, ಆದ್ರ ಭಾಳ ಹೊತ್ತಿನ ಮ್ಯಾಲ. ಆ ಹೊತ್ತಿನಾಗ ನನಗ ತಿಳೀತು. ಗುರ್ತಿದ್ದವರಿಗೆ ಇಷ್ಟು ಹೊತ್ತು ಬೇಕಾದ್ರ, ಗುರ್ತಿಲ್ಲದವರನ್ನ ಕೇಳದ ಹ್ಯಾಂಗ ಕರ್ಕೊಂಡು ಹೋಗ್ಲಿ?"

ಮಹಾನಂದಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ನೀವು ಹೇಳಿದ್ರಿ ಅಂತ ನಾ ತಿಳಕೊಂಡಿದ್ದೆ," ಎಂದರು. "ಇವರ ಮ್ಯಾಲ ಸಿಟ್ಟು ಮಾಡೂದು ಆಗ್ತಿರಲಿಲ್ಲ. ಯಾರ ಮ್ಯಾಲರ ಮಾಡಬೇಕಿತ್ತಲ್ರಿ."

"ರೊಕ್ಕದ ಸಿಟ್ಟಲ್ಲರಿ ಆಕಿದು," ಎಂದರು ಕ್ಯಾಪ್ಟನ್.

ರೊಕ್ಕದ್ದಲ್ಲವೆಂದು ಆಗ ತಿಳಿಯಿತು. ಪೈಲಟ್‌ಗಳಲ್ಲಿ ಒಂದು ರೂಢಿಯಿದೆ. ನಿವೃತ್ತಿಯ ದಿನದ ಕೊನೆಯ ಹಾರಾಟದಲ್ಲಿ ಹೆಂಡತಿ ಮಕ್ಕಳನ್ನು ಪ್ರಯಾಣಿಕರ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಇಳಿಯುವ ಮುನ್ನ ಮೈಕಿನಲ್ಲಿ ಹೆಸರು ಹೇಳಿ ನಾಲ್ಕು ಮಾತಾಡುತ್ತಾರೆ. ಮಹಾನಂದಾ ಇತರರ ಅಂಥ ಹಾರಾಟದ ಫೋಟೋಗಳನ್ನು ನೋಡಿದ್ದರು. ಕ್ಯಾಪ್ಟನ್‌ರ ಕೊನೆಯ ಹಾರಾಟ ಮೆಡಿಕಲ್‌ಗೆ ಹೋಗುವ ಹಿಂದಿನ ದಿನದ್ದು. ಕೊನೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಮಹಾನಂದಾ ಅಂದು ಮನೆಯಲ್ಲಿದ್ದರು.

"ಯಾವ ಊರಿಂದ ಬಂದಿದ್ರಿ ಅವತ್ತು?" ಎಂದು ಮಹಾನಂದಾ ಗಂಡನನ್ನು ಕೇಳಿದರು. ಇಷ್ಟು ವರ್ಷ ಅದನ್ನು ಕೇಳಿರಲಿಲ್ಲವೆಂದು ಇಬ್ಬರ ಮುಖ ನೋಡಿ ತಿಳಿಯಿತು.

"ವಿಶಾಖಪಟ್ಟಣಂ." ಕ್ಯಾಪ್ಟನ್ ಕೈ ತೊಳೆದು ಬಂದು ಕೂತರು. "ಸಂಜಿ ಮುಂದ. ಮೋಡ ಇತ್ತು, ಭಾಳ ಇರಲಿಲ್ಲ. ಸಿಕಂದರಾಬಾದ್ ಮ್ಯಾಲಿಂದ ಬಂದಿವಿ. ಎಡಗಡಿ ಹುಸೇನ್ ಸಾಗರ, ನೀರಿನ ಮ್ಯಾಲ ಬಿಸಿಲು ಇನ್ನೂ ಇತ್ತು. ಮನಿ ಮಾಳಿಗಿ ಮ್ಯಾಲ ಅರಿವಿ ಒಣಹಾಕಿದ್ದು ಕಾಣಸ್ತಿತ್ತು, ಅಷ್ಟು ಹತ್ತಿರ. ಒಬ್ಬಾಕಿ ತೆಗಿಯಾಕತ್ತಿದ್ದಳು. ಆಮ್ಯಾಲ ಗಾಲಿ ನೆಲಕ್ಕ ಹತ್ತಿದ್ದು ಗೊತ್ತಾಗಲಿಲ್ಲ, ಅಷ್ಟು ಮೆತ್ತಗ."

ಮಹಾನಂದಾ ತಟ್ಟೆಗಳನ್ನು ಎತ್ತಲು ಎದ್ದವರು ಮತ್ತೆ ಕೂತಿದ್ದರು. ಎರಡೂ ಕೈ ತೊಡೆಯ ಮೇಲಿದ್ದವು.

"ಇಳದ ಮ್ಯಾಲ?"

"ಇಳದ ಮ್ಯಾಲೇನದ. ಮನಿಗೆ ಬಂದೆ. ನೀ ಬದನಿಕಾಯಿ ಪಲ್ಯ ಮಾಡಿದ್ದಿ."

"ಬದನಿಕಾಯಲ್ಲ. ಹೆಸರಬ್ಯಾಳಿ."

"ಬದನಿಕಾಯಿನ."

"ನಾ ಮಾಡಿದಾಕಿ, ನೀವು ಹೇಳ್ತೀರಿ," ಎಂದರು ಮಹಾನಂದಾ. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹೇಳ್ರಿ, ಸಿಕಂದರಾಬಾದಿಂದ," ಎಂದರು.